ಎಣ್ಣೆ ಕಾಯುವವರೆಗೆ

ಹಳ್ಳಿ ಶಾಲೆಯ ಮಕ್ಕಳು ನಿಧಾನ ಎಂದು ಬರೆದು ಮುಗಿಸಲು ನನಗೆ ಇನ್ನೊಂದೇ ಪ್ಯಾರಾ ಬಾಕಿಯಿತ್ತು.

ಮಕ್ಕಳು ಕನ್ನಡ ಪದಗಳನ್ನು ಕೇಳಿ ಗುರುತಿಸುವ ಬಗೆ ನನ್ನ ಪಿಎಚ್.ಡಿ. ವಿಷಯ. ಟ್ಯಾಬ್ಲೆಟ್‌ನಲ್ಲಿ ಒಂದು ಪದ ಕೇಳಿಸುತ್ತದೆ, 4 ಚಿತ್ರಗಳಲ್ಲಿ ಸರಿಯಾದದ್ದನ್ನು ಮಗು ಮುಟ್ಟಬೇಕು. ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದೇ ದತ್ತಾಂಶ. ದುಡ್ಡು ಕೊಟ್ಟು ಮಾಡಿಸುವ ಶಕ್ತಿಯಿಲ್ಲದೆ ಅದನ್ನು ಯೂನಿಟಿಯಲ್ಲಿ ನಾನೇ ಬರೆದುಕೊಂಡೆ, ಸ್ಟ್ರೇಂಜ್ ಐಒಸಿ ಎಂಬ ಚೌಕಟ್ಟು ಬಳಸಿ. ಅದರಲ್ಲಿ ಪ್ರತಿ ಕೆಲಸವೂ ಒಂದು ಪುಟ್ಟ ಕಮಾಂಡ್. ತನಗೆ ಬೇಕಾದ್ದನ್ನು ಅದು ಹುಡುಕಿಕೊಂಡು ಹೋಗುವುದಿಲ್ಲ. 'ಇಂಜೆಕ್ಟ್' ಎಂದು ಗುರುತು ಹಾಕಿದರೆ ಚೌಕಟ್ಟೇ ತಂದು ಕೈಗಿಡುತ್ತದೆ. ಮದುವೆಮನೆಯ ಭಟ್ಟರಿಗೆ ಸೌಟು, ಬಾಣಲೆ ನಿಂತಲ್ಲಿಗೇ ಬಂದ ಹಾಗೆ.

ಒಂದು ಘಟನೆಗೆ ಹಲವು ಕಮಾಂಡುಗಳನ್ನು ಕಟ್ಟಿದರೆ ಅವು ಒಂದಕ್ಕೊಂದು ಕಾಯದೆ ಹೊರಡುತ್ತವೆ. ಸಾಲಾಗಿ ಹೋಗಬೇಕಾದರೆ 'ಇನ್‌ಸೀಕ್ವೆನ್ಸ್' ಎಂದು ಸೇರಿಸಬೇಕು. ಸೇರಿಸಿದ್ದೆ. ಮೊದಲು ಧ್ವನಿ ಲೋಡ್ ಮಾಡಿ ಕೇಳಿಸುವುದು, ಆಮೇಲೆ ಗಡಿಯಾರ ಶುರು ಮಾಡುವುದು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು.

ನಗರದ ಶಾಲೆಗೆ ಹೊಸ ಟ್ಯಾಬ್ಲೆಟ್ ಸಿಕ್ಕಿತ್ತು. ಹಳ್ಳಿಗೆ ಒಯ್ದದ್ದು ಹಳೆಯವು. ಹಳ್ಳಿಯ ಮಕ್ಕಳ ಸಮಯ ಪ್ರತಿ ಪದಕ್ಕೂ ಹೆಚ್ಚು ಬಂತು. ಕಾರಣಗಳೂ ತಯಾರಿದ್ದವು: ಪರದೆಯ ಅಭ್ಯಾಸವಿಲ್ಲ, ಪದಗಳ ಪರಿಚಯ ಕಡಿಮೆ. ನಾನೂ ಅಂಥದೇ ಶಾಲೆಯಲ್ಲಿ ಓದಿದವನು. ಆದರೂ ಅನುಮಾನ ಬರಲಿಲ್ಲ.

ಗೈಡ್ ಮೇಡಂ ಕರಡು ಓದಿ ಕೇಳಿದ್ದು ಒಂದೇ ಮಾತು. "ಅವರು ಆಡೋವಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ, ನಿಧಾನ ಅನ್ನಿಸಿದ್ರಾ?"

ಇಲ್ಲ. ಪದ ಮುಗಿಯುವಷ್ಟರಲ್ಲಿ ಬೆರಳು ಚಿತ್ರದ ಮೇಲಿರುತ್ತಿತ್ತು.

ಅವತ್ತು ರಾತ್ರಿ ಕೋಡ್ ತೆರೆದೆ. ಧ್ವನಿ ಲೋಡ್ ಆಗಲು ಹೊತ್ತು ಬೇಕು. ಕಮಾಂಡ್ ಆ ಕೆಲಸ ಹಚ್ಚಿಬಿಟ್ಟು ತನ್ನ 'ಎಕ್ಸಿಕ್ಯೂಟ್' ಮುಗಿಸುತ್ತಿತ್ತು, ಮುಗಿಯಿತೆಂದು ಚೌಕಟ್ಟು ಮುಂದಿನದನ್ನು ಕರೆಯುತ್ತಿತ್ತು. "ಎಣ್ಣೆ ಇಟ್ಟೆ" ಎಂದದ್ದಕ್ಕೇ ಕಾದಿದೆ ಎಂದುಕೊಂಡು ಹಿಟ್ಟು ಬಿಟ್ಟ ಹಾಗೆ. ಪದ ಇನ್ನೂ ಕೇಳಿಸಿರಲಿಲ್ಲ, ಗಡಿಯಾರ ಓಡುತ್ತಿತ್ತು. ಒಂದು ಎರರ್ ಕೂಡ ಇಲ್ಲ. ಹಳೇ ಟ್ಯಾಬ್ಲೆಟ್ಟಿನ ನಿಧಾನವನ್ನು ನಾನು ಮಕ್ಕಳ ಲೆಕ್ಕಕ್ಕೆ ಬರೆದಿದ್ದೆ.

ರಿಪೇರಿ 2 ಸಾಲು. ಶುರುವಿನಲ್ಲಿ 'ರಿಟೇನ್' ಎಂದು ತಡೆದು ನಿಲ್ಲಿಸುವುದು, ಧ್ವನಿ ಹೊರಟ ಕ್ಷಣ 'ರಿಲೀಸ್' ಎನ್ನುವುದು. ಫೈಲ್ ಸಿಗದೇ ಹೋದರೆ ಮಾತ್ರ ಆ ರಿಲೀಸ್ ಬರುವುದೇ ಇಲ್ಲ, ಮಗು ಖಾಲಿ ಪರದೆ ನೋಡುತ್ತಾ ಕೂರುತ್ತದೆ. ಅಲ್ಲಿ 'ಫೇಲ್' ಕರೆದು ಸಾಲನ್ನೇ ಮುರಿಯಬೇಕು. ಇದು ಎರಡನೇ ದಿನ ಹೊಳೆಯಿತು.

ಹಳೆಯ ದತ್ತಾಂಶ ಉಳಿಸಿಕೊಳ್ಳಲು ಆಗಲಿಲ್ಲ. ಲೋಡ್ ಆಗಲು ಹಿಡಿದ ಸಮಯವನ್ನು ದಾಖಲಿಸಿರಲಿಲ್ಲ, ಕಳೆಯುವುದಾದರೂ ಏನನ್ನು? ಅದೇ ಮಕ್ಕಳಿಗೆ ಅದೇ ಪದಗಳನ್ನು ಮತ್ತೆ ಕೇಳಿಸುವಂತೆಯೂ ಇಲ್ಲ. ಹೊಸ ಪದಪಟ್ಟಿ ಮಾಡಿ, ಎರಡೂ ಶಾಲೆಗೆ ಒಂದೇ ಟ್ಯಾಬ್ಲೆಟ್ ಹಿಡಿದುಕೊಂಡು ಹೋದೆ. ಹೆಡ್‌ಮಾಸ್ಟರು "ಹೋದ ಸಲದ್ದು ಏನಾಯ್ತು ಸಾರ್?" ಎಂದರು. ನನ್ನ ತಪ್ಪು ಎಂದೆ. ಕಿಟಕಿ ಪಕ್ಕದ ಹುಡುಗಿ ಟ್ಯಾಬ್ಲೆಟ್ ನೋಡಿದವಳೇ ಕೇಳಿದಳು:

"ಈ ಸಲನಾದ್ರೂ ಬೇಗ ಮಾತಾಡುತ್ತಾ ಸಾರ್ ಇದು?"