ನಡುವಣ ರೂಪ

ಬೆಟಗೇರಿಯು ನೇಕಾರಿಕೆಗೆ ಹೆಸರಾದ ಊರು. ನೆಯ್ಗೆಯ ಕಸಬನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿರುವದು: ಜಕಾರ್ಡ್ ಮಗ್ಗದಲ್ಲಿ ಸೆರಗಿನ ಹೂವು ಚಿತ್ರದಿಂದ ನೆಟ್ಟಗೆ ಬಟ್ಟೆಗೆ ಇಳಿಯುವದಿಲ್ಲ. ಮೊದಲು ಚಿತ್ರ; ಬಳಿಕ ಚೌಕುಳಿ ಕಾಗದದ ಮೇಲಣ ನಕ್ಷೆ; ಕೊನೆಗೆ ಒಂದೊಂದು ಹೊಕ್ಕಿಗೆ ಒಂದೊಂದರಂತೆ ತೂತು ಹೊಡೆದ ರಟ್ಟು. ಚಿತ್ರಕ್ಕೆ ಎಳೆಗಳ ಲೆಕ್ಕ ತಿಳಿಯದು. ರಟ್ಟಿಗೆ ಹೂವಿನ ಗುರುತಿಲ್ಲ. ಎರಡನ್ನೂ ಬಲ್ಲದ್ದು ನಡುವಣ ನಕ್ಷೆಯೊಂದೇ. ತಿದ್ದುವ ಕೈಗೆ ಅದೇ ತಕ್ಕ ಸ್ಥಳ.

ಗಣಕಯಂತ್ರದ ಕಂಪೈಲರನ್ನು ಕಟ್ಟುವವನಿಗೂ ಇದೇ ವಿಚಾರವು ಎದುರಾಗುವದು. ಮನುಷ್ಯನು ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವದು ಕಂಪೈಲರಿನ ಕೆಲಸ. ಐದು ಭಾಷೆಗಳನ್ನು ನಾಲ್ಕು ಬಗೆಯ ಯಂತ್ರಗಳಿಗೆ ನೇರವಾಗಿ ಒಗ್ಗಿಸುವದಾದರೆ 20 ಅನುವಾದಕಗಳು ಬೇಕು. ನಡುವೆ ಸಾಮಾನ್ಯವಾದೊಂದು ರೂಪವಿದ್ದರೆ 9 ಸಾಕು. ಸರ್ವಕ್ಕೂ ಸಲ್ಲುವ ಇಂಥ ಒಂದೇ ನಡುನುಡಿಯನ್ನು ‘ಅಂಕೋಲ್’ ಎಂಬ ಹೆಸರಿನಿಂದ ಅಮೇರಿಕೆಯ ಪಂಡಿತರು 1958ರಲ್ಲಿಯೇ ಸೂಚಿಸಿದರು. ಆದರೆ ಅದು ಕೈಗೂಡಲಿಲ್ಲ.

ತೊಡಕು ಇರುವದು ನಡುವಣ ರೂಪವು ಎಷ್ಟು ಮೇಲಿರಬೇಕು, ಎಷ್ಟು ಕೆಳಗಿರಬೇಕೆಂಬಲ್ಲಿ. ಎರಡು ಅಂಕಣಿಕೆಗಳ, ಎಂದರೆ ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯಾಸಮೂಹಗಳ, ಗುಣಾಕಾರವನ್ನು ತೆಗೆದುಕೊಳ್ಳೋಣ. ಮೂಲದಲ್ಲಿ ಅದು ಒಂದರೊಳಗೊಂದು ಅಡಗಿದ ಮೂರು ಆವರ್ತನಗಳು. ಅವುಗಳ ಸರದಿಯನ್ನು ಬದಲಿಸಿದ ಮಾತ್ರಕ್ಕೆ ಅದೇ ಲೆಕ್ಕವು ಎಷ್ಟೋ ಬೇಗ ಮುಗಿಯಬಹುದು. ಯಾಕಂದರೆ ಬೇಕಾದ ಸಂಖ್ಯೆಗಳು ಯಂತ್ರದ ಸಮೀಪಸ್ಮೃತಿಯಲ್ಲಿಯೇ ದೊರೆಯುವವು. ಆದರೆ ಅವಸರದಿಂದ ಎಲ್ಲವನ್ನೂ ವಿಳಾಸಗಳ ಕೂಡಿಕೆಯಾಗಿಯೂ ಜಿಗಿತದ ಆಜ್ಞೆಗಳಾಗಿಯೂ ಇಳಿಸಿಬಿಟ್ಟರೆ ಆವರ್ತನದ ಆಕಾರವೇ ಮಸುಕಾಗುವದು. ಆಗ ಎರಡು ವಿಳಾಸಗಳು ಒಂದೇ ತಾಣವನ್ನು ಸೂಚಿಸಬಹುದೇ ಎಂಬ ಸಂಶಯವುಂಟಾಗಿ, ತಪ್ಪು ಉತ್ತರಕ್ಕೆ ಅಂಜಿದ ಕಂಪೈಲರು ಏನನ್ನೂ ಕದಲಿಸದೆ ಸುಮ್ಮನಾಗುವದು. ಕಳೆದುದನ್ನು ಮರಳಿ ಊಹಿಸುವದು ಪ್ರಯಾಸದ ಕೆಲಸ. ಕೆಲವೊಮ್ಮೆ ಅಸಾಧ್ಯವೇ ಸರಿ.

2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಎಲ್‌ಎಲ್‌ವಿಎಮ್’ ಯಂತ್ರಕ್ಕೆ ಸಮೀಪವಾದ ಒಂದು ನಡುರೂಪವನ್ನು ಕೊಟ್ಟು ಬಹಳ ಭಾಷೆಗಳಿಗೆ ಆಸರೆಯಾಯಿತು. ಆದರೆ ಮೇಲಣ ಆಕಾರವನ್ನು ಕಾಯುವದು ಅದರ ಗುರಿಯಾಗಿರಲಿಲ್ಲ. 2019ರಲ್ಲಿ ಗೂಗಲಿನಿಂದ ಹೊರಬಂದ ‘ಎಮ್‌ಎಲ್‌ಐಆರ್’ ಬೇರೆ ದಾರಿ ಹಿಡಿಯಿತು: ರೂಪವು ಒಂದೇ ಅಲ್ಲ, ಹಲವು ಅಂತಸ್ತುಗಳು, ಮೇಲಿನಿಂದ ಕೆಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವದು. ಇದನ್ನು ವಿವರಿಸುವ 2021ರ ಪ್ರಬಂಧದ ಕರ್ತೃಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ ಬೊಂಧುಗುಲ ಅವರೂ ಒಬ್ಬರು. ಆವರ್ತನಗಳನ್ನೂ ಅವುಗಳ ಸೂಚಕಗಳನ್ನೂ ಹಾಗೆಯೇ ಉಳಿಸಿಕೊಳ್ಳುವ ‘ಅಫೈನ್’ ಎಂಬ ಅಂತಸ್ತು ಅದರಲ್ಲಿರುವದು.

ಹಾಗೆಂದು ಅಂತಸ್ತು ಹೆಚ್ಚಿದಷ್ಟೂ ಲೇಸೆನ್ನಲಾಗದು. ಪ್ರತಿಯೊಂದಕ್ಕೂ ನಿಯಮ, ಪರೀಕ್ಷೆ, ಇಳಿಸುವ ವಿಧಾನಗಳ ಹೊರೆಯುಂಟು. ಒಂದೇ ಯಂತ್ರಕ್ಕೆಂದು ಒಂದು ಚಿಕ್ಕ ಭಾಷೆಯನ್ನು ಕಟ್ಟುವವನಿಗೆ ಒಂದೇ ಸರಳ ರೂಪವು ಸಾಕಾದೀತು. ಆಯ್ಕೆ ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲವನ್ನೂ ತಿರುಗಿ ಬರೆಯಬೇಕಾಗಿ, ವರುಷಗಳ ದುಡಿಮೆ ಮಣ್ಣುಪಾಲಾಗುವದು. ಆದಕಾರಣ ಯಾವ ರೂಪವು ಶ್ರೇಷ್ಠವೆಂದು ಕೇಳುವದಕ್ಕಿಂತ, ಈ ಮೆಟ್ಟಿಲಿನಲ್ಲಿ ಏನನ್ನು ಬಿಟ್ಟುಕೊಡುತ್ತಿರುವೆವು, ಅದರ ಕೆಲಸವು ನಿಜವಾಗಿ ಮುಗಿದಿದೆಯೇ ಎಂದು ಕೇಳುವದೇ ಜಾಣತನ.