ಕಾಲೇ ಕೈಯಾಗುವ ನಾಡಿನಲ್ಲಿ

ಸೋಲ್ ನಗರದ ಗಂಗ್ನಮ್ ಎಂದರೆ ಗಾಜಿನ ಗೋಪುರಗಳು, ದುಬಾರಿ ಅಂಗಡಿಗಳು, ದಾಟುವಷ್ಟರಲ್ಲಿ ಸಿಗ್ನಲ್ ಬದಲಾಗಿಬಿಡುವ ಅಗಲದ ರಸ್ತೆಗಳು. ಆ ಗದ್ದಲದ ಬೆನ್ನಿಗೇ ಒಂದು ಪುಟ್ಟ ಗುಡ್ಡವಿದೆ. ಏರು ಹತ್ತಿ ಹೋದರೆ ಮರಗಳ ನಡುವೆ ಸಾಲುಗಂಬಗಳ, ಹಂಚು ಹೊದ್ದ ಒಂದು ಕಟ್ಟಡ ಕಾಣುತ್ತದೆ. ಅದೇ ಕುಕ್ಕಿವನ್, ಟೇಕ್ವಾಂಡೋದ ತಾಯಿಮನೆ. 1972ರ ನವೆಂಬರ್ 30ರಂದು ಇದರ ಬಾಗಿಲು ತೆರೆಯಿತು. ಮರುವರ್ಷ ಮೇ ತಿಂಗಳಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ, ಅದರ ಬೆನ್ನಿಗೇ ಟೇಕ್ವಾಂಡೋದ ವಿಶ್ವ ಸಂಸ್ಥೆ ಹುಟ್ಟಿದ್ದೂ ಇಲ್ಲೇ.

ನಾನು ಕಣ್ಣರಳಿಸಿ ನಿಂತದ್ದು ಕಟ್ಟಡದ ಭವ್ಯತೆಗಲ್ಲ, ಅದರ ಸಣ್ಣತನಕ್ಕೆ. ನಮ್ಮ ಜಿಲ್ಲಾ ಕೇಂದ್ರಗಳ ಒಳಾಂಗಣ ಕ್ರೀಡಾಂಗಣಗಳು ಇದಕ್ಕಿಂತ ತೀರಾ ಚಿಕ್ಕವೇನಲ್ಲ. ಇಷ್ಟು ಜಾಗದಿಂದ ಹೊರಟ ಕಲೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾಯಿತು. ಆಗಲೇ ವಿಯೆಟ್ನಾಂ ತನ್ನ ಮೊಟ್ಟಮೊದಲ ಒಲಿಂಪಿಕ್ ಪದಕವನ್ನು ಗೆದ್ದದ್ದು, ಟೇಕ್ವಾಂಡೋದಲ್ಲಿ. ಅಫ್ಘಾನಿಸ್ತಾನದ ಮೊದಲ ಪದಕ, 2008ರಲ್ಲಿ ಬೀಜಿಂಗ್‌ನಲ್ಲಿ ರೋಹುಲ್ಲಾ ನಿಕ್‌ಪಾಯ್ ಗೆದ್ದ ಕಂಚು, ಅದೂ ಟೇಕ್ವಾಂಡೋದ್ದೇ. ಜೋರ್ಡಾನಿನ ಮೊದಲ ಪದಕ 2016ರ ರಿಯೋದಲ್ಲಿ ಅಹ್ಮದ್ ಅಬುಘೌಶ್ ತಂದ ಚಿನ್ನ. ಈಜುಕೊಳ ಬೇಡ, ಕುದುರೆ ಬೇಡ, ದುಬಾರಿ ದೋಣಿ ಬೇಡ. ಸಮತಟ್ಟಾದ ನೆಲ, ಒಬ್ಬ ಗುರು, ಹಠ ಇದ್ದರೆ ಬಡ ದೇಶವೂ ಪದಕದ ಕಟ್ಟೆ ಏರಬಹುದು ಎಂದು ತೋರಿಸಿಕೊಟ್ಟ ಕ್ರೀಡೆಗಳು ಬಹಳ ಇಲ್ಲ.

ಒಳಗೆ ಅಂದು ದರ್ಜೆ ಪರೀಕ್ಷೆ ನಡೆದಿತ್ತು. ಬಿಳಿಯ ದೋಬೊಕ್ ಸಮವಸ್ತ್ರ ತೊಟ್ಟ ಮಕ್ಕಳು ಸಾಲುಸಾಲಾಗಿ ಕುಳಿತಿದ್ದರು. ಹದಿನೈದು ತುಂಬದವರಿಗೆ ಇಲ್ಲಿ ಪೂರ್ತಿ ಕಪ್ಪು ಬೆಲ್ಟ್ ಕೊಡುವುದಿಲ್ಲ. ಅರ್ಧ ಕೆಂಪು, ಅರ್ಧ ಕಪ್ಪು ಬಣ್ಣದ ‘ಪೂಮ್’ ಬೆಲ್ಟ್ ಕೊಡುತ್ತಾರೆ. “ಚಾರ್ಯೊತ್! ಕ್ಯೊಂಗ್ರೆ!” ಎಂಬ ಕೂಗಿಗೆ ಎಲ್ಲರೂ ನೆಟ್ಟಗೆ ನಿಂತರು, ಬಾಗಿ ವಂದಿಸಿದರು. ಆಮೇಲೆ ಪೂಮ್ಸೆ. ಎದುರಾಳಿ ಇಲ್ಲದಿದ್ದರೂ ಇದ್ದಾನೆಂದೇ ಬಗೆದು, ಕ್ರಮ ತಪ್ಪದೆ ಹಾಕುವ ವರಸೆಗಳ ಸರಣಿ ಅದು. ಆರಂಭದ ಎಂಟು ಪೂಮ್ಸೆಗಳು ಆಕಾಶ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ, ಭೂಮಿ ಎಂಬ ಎಂಟು ತತ್ವಗಳ ಮೇಲೆ ನಿಂತಿವೆ. ಅವುಗಳಲ್ಲಿ ನಾಲ್ಕರ ಗುರುತು ದಕ್ಷಿಣ ಕೊರಿಯಾದ ಬಾವುಟದ ನಾಲ್ಕು ಮೂಲೆಗಳಲ್ಲೂ ಇದೆ. ಕೊನೆಯ ಗುದ್ದಿಗೆ ಎಳೆಯ ಗಂಟಲುಗಳಿಂದ ಒಮ್ಮೆಲೇ ಹೊಮ್ಮಿದ ಕಿಹಾಪ್ ಎಂಬ ಕೂಗು ನನ್ನ ಎದೆಗೂಡಿನಲ್ಲಿ ಮೊಳಗಿತು.

ನಾನು ಬೆಳೆದದ್ದು ಮೈಸೂರಿನ ಗರಡಿಮನೆಗಳ ನೆರೆಯಲ್ಲಿ. ಕೆಂಪು ಮಣ್ಣಿನ ಮಟ್ಟಿ, ಗೋಡೆಯ ಮೇಲೆ ಆಂಜನೇಯ, ಮುಂಜಾವಿನ ದಂಡ-ಬಸ್ಕಿ, ಉಸ್ತಾದರ ಗದರಿಕೆ ಇವೆಲ್ಲ ನೋಡಿಕೊಂಡೇ ಬಂದವನು. ಹೀಗಾಗಿ ಯಾವ ನಾಡಿನ ಮಲ್ಲವಿದ್ಯೆ ಕಂಡರೂ ಕಣ್ಣು ತಾನೇ ಹೋಲಿಕೆಗೆ ಇಳಿಯುತ್ತದೆ. ಗರಡಿಯಲ್ಲಿ ನೆಲವೇ ಬಂಧು. ಅದಕ್ಕೆ ಅಂಟಿಕೊಂಡಷ್ಟೂ ಪೈಲ್ವಾನ ಗಟ್ಟಿ. ಕೇರಳದ ಕಳರಿಯಲ್ಲೂ ಹಾಗೆಯೇ: ನೆಲ ಅಗೆದು ತಗ್ಗಿಸಿದ ಅಂಗಳ, ಎಣ್ಣೆ ಹಚ್ಚಿದ ಮೈ, ಹೊಟ್ಟೆ ನೆಲಕ್ಕೆ ತಾಗುವಷ್ಟು ಬಾಗುವ ಭಂಗಿಗಳು, ಅಲ್ಲಿಂದ ಫಕ್ಕನೆ ನೆಗೆತ. ಇಲ್ಲಿ ಮಾತ್ರ ನಿಲುವು ಎತ್ತರ, ನಡೆಯುವವನು ಅರೆಗಳಿಗೆ ನಿಂತಂತೆ. ನೆಲದ ಜತೆ ಸಂಬಂಧ ಆದಷ್ಟು ಕಡಿಮೆ. ಯಾಕಿರಬಹುದು? ಈ ಪ್ರಶ್ನೆ ಹಿಡಿದುಕೊಂಡೇ ಉಳಿದ ಊರುಗಳಿಗೆ ಹೊರಟೆ.

ಹೊರಡುವ ಮುನ್ನ ಇತಿಹಾಸದ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಟೇಕ್ವಾಂಡೋದ ಅಧಿಕೃತ ಕಥೆ ಪ್ರಾಚೀನ ಗೊಗುರ್ಯೊ ರಾಜ್ಯದ ಸಮಾಧಿಗಳ ಭಿತ್ತಿಚಿತ್ರಗಳಿಂದ, ಸಿಲ್ಲಾ ರಾಜ್ಯದ ಹ್ವರಂಗ್ ತರುಣರಿಂದ ಶುರುವಾಗುತ್ತದೆ. ಓದಲು ಸೊಗಸಾಗಿದೆ. ಆದರೆ ಇಂದಿನ ಟೇಕ್ವಾಂಡೋವನ್ನು ಹೆತ್ತದ್ದು ಕರಾಟೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಹಿಡಿತದಲ್ಲಿತ್ತು. ಜಪಾನಿಗೆ ಓದಲು ಹೋದ ಕೊರಿಯನ್ ತರುಣರು ಅಲ್ಲಿ ಕರಾಟೆ ಕಲಿತರು. ಕರಾಟೆ ಗುರು ಫುನಕೋಶಿ ಗಿಚಿನ್ ಅವರ ಬಳಿ ಕಲಿತ ಲೀ ವೊನ್-ಕುಕ್ 1944ರಲ್ಲಿ ಸೋಲ್‌ನಲ್ಲಿ ಚುಂಗ್ ದೋ ಕ್ವಾನ್ ಎಂಬ ಶಾಲೆ ತೆರೆದರು. ಸ್ವಾತಂತ್ರ್ಯದ ನಂತರ ಇಂಥ ಶಾಲೆಗಳು ಒಂದೊಂದಾಗಿ ಎದ್ದವು. ಅವನ್ನೆಲ್ಲ ಒಂದೇ ಹೆಸರಿನಡಿ ತರುವ ಯತ್ನದಲ್ಲಿ ‘ಟೇಕ್ವಾಂಡೋ’ ಹೆಸರು ಬಂದದ್ದು 1955ರಲ್ಲಿ. ಅದರ ಹಿಂದಿದ್ದವರು ಸೇನಾಧಿಕಾರಿ ಚೋಯ್ ಹಾಂಗ್-ಹಿ. ಅವರೂ ಜಪಾನಿನಲ್ಲಿ ಕರಾಟೆ ಕಲಿತವರೇ. ಎಂದರೆ ಈ ಕಲೆ ನಮ್ಮ ಅಜ್ಜ-ಅಜ್ಜಿಯರಿಗಿಂತ ಕಿರಿಯದು. ಇದರಿಂದ ಅದರ ಮರ್ಯಾದೆ ತಗ್ಗುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಫುನಕೋಶಿ ತಾವೇ 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ಕರಾಟೆಯನ್ನು ತಂದವರು. ಒಕಿನಾವಾ ಚೀನಾದಿಂದ ಪಡೆದಿತ್ತು. ಕಡ ತಂದದ್ದನ್ನು ಒಂದೇ ತಲೆಮಾರಿನಲ್ಲಿ ಗುರುತು ಸಿಗದಷ್ಟು ತಮ್ಮದಾಗಿಸಿಕೊಂಡದ್ದು ಎರಡು ಸಾವಿರ ವರ್ಷಗಳ ವಂಶಾವಳಿಗಿಂತ ದೊಡ್ಡ ಸಾಧನೆ.

ಆ ‘ತಮ್ಮತನ’ ಎಲ್ಲಿಂದ ಬಂತು? ಅದನ್ನು ಹುಡುಕಿಕೊಂಡು ದೇಶದ ನಡುಭಾಗದ ಚುಂಗ್ಜುಗೆ ಹೋದೆ. ಟೆಕ್ಯೊನ್ ಎಂಬ ಹಳೆಯ ಕಾಲಾಟಕ್ಕೆ ಆ ಊರು ಹೆಸರುವಾಸಿ. ನಶಿಸಿಯೇ ಹೋಗುತ್ತಿದ್ದ ಈ ವಿದ್ಯೆಯನ್ನು ಸೋಂಗ್ ದೊಕ್-ಗಿ ಎಂಬ ಹಿರಿಯರು ಕಾಪಿಟ್ಟುಕೊಂಡು ಬಂದರು. 1983ರಲ್ಲಿ ಸರ್ಕಾರ ಇದನ್ನು ರಕ್ಷಿತ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು, 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನೋಡಿದವನಿಗೆ ಇದು ಹೊಡೆದಾಟವೆಂದು ಮೊದಲಿಗೆ ನಂಬಿಕೆಯೇ ಬರುವುದಿಲ್ಲ. ಮಂಡಿ ಸಡಿಲ, ತೋಳು ತೂಗಾಟ, ತ್ರಿಕೋನದ ಮೂರು ಮೂಲೆ ತುಳಿಯುವ ಹೆಜ್ಜೆ, ನಡುನಡುವೆ “ಇಕ್! ಎಕ್!” ಎಂಬ ಕೂಗು. ಕುಣಿತ ಎಂದುಕೊಳ್ಳುವಷ್ಟರಲ್ಲಿ ಒಬ್ಬನ ಪಾದ ಇನ್ನೊಬ್ಬನ ಕೆನ್ನೆ ತಾಕಿ ಹಿಂತಿರುಗಿರುತ್ತದೆ. ನನ್ನನ್ನು ಬೆರಗಾಗಿಸಿದ್ದು ಇಲ್ಲಿನ ಒಂದು ನಿಯಮ: ಆಟಗಾರ ತನ್ನ ಒಂದು ಕಾಲನ್ನು ಸದಾ ಎದುರಾಳಿಗೆ ಎಟುಕುವಂತೆ ಮುಂದೆ ಇಟ್ಟಿರಬೇಕು. ದೂರ ನಿಂತು ತಪ್ಪಿಸಿಕೊಳ್ಳುವಂತಿಲ್ಲ. ಬೀಳಿಸುವ ಅವಕಾಶವನ್ನು ಎದುರಾಳಿಗೆ ಕೊಟ್ಟುಕೊಂಡೇ ಗೆಲ್ಲಬೇಕು! ಇಷ್ಟು ಸಭ್ಯವಾದ ಕಾದಾಟದ ಕರಾರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕರಾಟೆಯ ಮುಷ್ಟಿಯಿಂದ ಟೇಕ್ವಾಂಡೋ ಕಾಲಿನ ಕಡೆ ಹೊರಳಿದಾಗ ಈ ಆಟದ ನೆನಪು ಕೊರಿಯನ್ನರ ಮೈಯಲ್ಲಿ ಎಲ್ಲೋ ಉಳಿದಿತ್ತು ಎಂದು ನಂಬಲು ನನಗೆ ಇಷ್ಟ.

ಚುಂಗ್ಜುವಿನಿಂದ ದಕ್ಷಿಣಕ್ಕೆ, ದೇಜನ್ ದಾಟಿ, ಬಸ್ಸು ದೊಗ್ಯುಸಾನ್ ಬೆಟ್ಟಸಾಲಿನ ತಿರುವುಗಳಿಗೆ ಇಳಿಯಿತು. ಮುಜು ಚಿಕ್ಕ ಊರು. ಅದರ ಮಗ್ಗುಲಲ್ಲೇ, ಕಣಿವೆಯೊಂದರ ಉದ್ದಕ್ಕೂ, 2014ರಲ್ಲಿ ತೆರೆದ ಟೇಕ್ವಾಂಡೋವನ್ ಹರಡಿಕೊಂಡಿದೆ. ಕಣದ ಸುತ್ತ ಸಾವಿರಾರು ಆಸನಗಳ ಕ್ರೀಡಾಂಗಣ, ಸಂಗ್ರಹಾಲಯ, ತರಬೇತಿ ಸಭಾಂಗಣಗಳು, ವಸತಿಗೃಹಗಳು, ಬೆಟ್ಟದ ತುದಿಗೆ ಒಯ್ಯುವ ಮಾನೋರೈಲು. ಒಂದು ಕಲೆಗಾಗಿ ಒಂದು ಊರನ್ನೇ ಕಟ್ಟಿದ್ದಾರೆ. ನಮ್ಮ ಗರಡಿಗಳು ಒಂದೊಂದೇ ಬೀಗ ಹಾಕಿಕೊಳ್ಳುತ್ತಿರುವುದು ನೆನಪಾಗಿ ಹೊಟ್ಟೆ ಉರಿಯಿತು.

ಪ್ರದರ್ಶನ ಶುರುವಾಯಿತು. ಒಬ್ಬಳು ಹುಡುಗಿ ಓಡಿ ಬಂದಳು, ಗೆಳೆಯನ ಎದೆಯನ್ನೇ ಮೆಟ್ಟಿಲಾಗಿಸಿಕೊಂಡು ಗಾಳಿಗೆ ಏರಿದಳು, ತಲೆಗಿಂತ ಎಷ್ಟೋ ಮೇಲೆ ಹಿಡಿದಿದ್ದ ಪೈನ್ ಹಲಗೆಯನ್ನು ಒಡೆದಳು. ಚೂರುಗಳು ನೆಲ ಮುಟ್ಟುವ ಮುನ್ನ ಅವಳ ಪಾದ ನೆಲ ಮುಟ್ಟಿತ್ತು. ಇನ್ನೊಬ್ಬ ಒಂದೇ ನೆಗೆತದಲ್ಲಿ ಒಂದೂವರೆ ಸುತ್ತು ತಿರುಗಿ ಒದ್ದ. ಮತ್ತೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿದರು. ಗಂಟೆಯ ಸದ್ದು ಕೇಳಿದ ದಿಕ್ಕಿಗೆ ಅವನು ಹಿಂದು-ಮುಂದಾಗಿ ತಿರುಗಿ ಒದ್ದ, ಹಲಗೆ ಎರಡಾಯಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಚಪ್ಪಾಳೆ ಹೊಡೆಯುವುದನ್ನೂ ಮರೆತು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ನನ್ನ ಸ್ಥಿತಿಯೂ ಅದೇ.

ಮುಗಿದ ಮೇಲೆ ಒಬ್ಬ ಸಬೊಮ್, ನಮ್ಮಲ್ಲಿ ಗುರುಗಳು ಎನ್ನುವ ಹಾಗೆ, ನನ್ನ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. “ನೀವು ಒದೆಯುವ ಕಾಲನ್ನೇ ನೋಡುತ್ತಿದ್ದೀರಿ. ನಿಂತ ಕಾಲನ್ನು ನೋಡಿ” ಎಂದು, ದೊಲ್ಯೊ ಚಾಗಿಯನ್ನು, ಎಂದರೆ ಬಳಸಿ ಬರುವ ಒದೆತವನ್ನು, ನಿಧಾನವಾಗಿ ಮಾಡಿ ತೋರಿಸಿದರು. ಮೊದಲು ಮಂಡಿ ಮೇಲೇರಿತು. ಆಮೇಲೆ ನಿಂತ ಪಾದ ಬೆರಳುಗಳ ಬುಡದ ಮೇಲೆ ಹೊರಳಿ, ಹಿಮ್ಮಡಿ ಎದುರಾಳಿಯ ಕಡೆಗೆ ತಿರುಗಿತು. ಆ ತಿರುಗಿನೊಂದಿಗೆ ಸೊಂಟ, ಗೂಟದ ಸುತ್ತ ಸುತ್ತುವ ಬೀಸುಕಲ್ಲಿನ ಹಾಗೆ, ತೂಕ ಹೊತ್ತು ಬಂತು. ಕೊನೆಯಲ್ಲಷ್ಟೇ ಮೊಣಕಾಲಿನಿಂದ ಕೆಳಗಿನ ಭಾಗ ಚಿಮ್ಮಿತು. ನೆಲಕ್ಕೆ ಅಂಟಿ ಕುಳಿತ ಪಾದ ಹೀಗೆ ತಿರುಗಲಾರದು. ಈ ಕಲೆಯ ನಿಲುವು ಎತ್ತರವಿರುವುದು ಅದಕ್ಕೇ!

ಅಂದು ಸಂಜೆ ಅಲ್ಲೇ ನಿಯಮಗಳ ಬಗ್ಗೆಯೂ ಮಾತಾಯಿತು. ಸ್ಪರ್ಧೆಯಲ್ಲಿ ಎಂಟು ಮೂಲೆಗಳ ಕಣ, ಎದೆಗೆ ಹೊಡೆತ ಎಣಿಸುವ ಎಲೆಕ್ಟ್ರಾನಿಕ್ ಕವಚ. ಕವಚದ ಮೇಲೆ ಗುದ್ದಿಗೆ ಒಂದು ಅಂಕ, ಒದೆತಕ್ಕೆ ಎರಡು, ತಲೆಗೆ ಒದೆತ ಬಿದ್ದರೆ ಮೂರು, ತಿರುಗಿ ಒದ್ದರೆ ಇನ್ನೂ ಹೆಚ್ಚು. ಮುಖಕ್ಕೆ ಮುಷ್ಟಿ ನಿಷಿದ್ಧ. ಕೈಯನ್ನು ಹೀಗೆ ಕಟ್ಟಿಹಾಕಿದ್ದರಿಂದಲೇ ಕಾಲು ಕೈಯಾಯಿತು ಎಂದು ನನಗೆ ಹೊಳೆದದ್ದು ಆಗ. ಬೇರೆ ಕಲೆಗಳನ್ನೂ ಹೀಗೆ ನೋಡತೊಡಗಿದೆ. ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಜೂಡೋ ಸ್ಪರ್ಧೆಯಲ್ಲಿ ಹೊಡೆತವನ್ನೇ ಕೈಬಿಟ್ಟಿತು, ಹಾಗಾಗಿ ಹಿಡಿತ ಮತ್ತು ಎಸೆತ ಕಾವ್ಯವಾದವು. ಥಾಯ್ಲೆಂಡಿನ ಮುಯೆ ಥಾಯ್ ಮೊಣಕೈ, ಮೊಣಕಾಲು, ಕುತ್ತಿಗೆಯ ಹಿಡಿತ ಎಲ್ಲಕ್ಕೂ ಅನುಮತಿ ಕೊಟ್ಟಿತು; ಆದ್ದರಿಂದ ಅಲ್ಲಿ ಕಾದಾಟ ಹತ್ತಿರದ್ದು, ಉಗ್ರವಾದದ್ದು, ಒದೆತ ಬೀಳುವುದು ಮೊಣಕಾಲಿನ ಕೆಳಗಿನ ಗಟ್ಟಿ ಮೂಳೆಯಿಂದ. ಕೊರಿಯಾದ್ದೇ ಆದ ಸ್ಸಿರುಮ್ ಕುಸ್ತಿಯಲ್ಲಿ ಮಂಡಿ ಮರಳಿಗೆ ತಾಗಿದರೂ ಸೋಲು. ನಮ್ಮ ಮಟ್ಟಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗಬೇಕು. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗವಂತೂ ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತದೆ. ‘ಯಾವುದು ಶ್ರೇಷ್ಠ’ ಎಂಬ ಚರ್ಚೆ ನನಗೆ ಅಲ್ಲಿಗೆ ಬಾಲಿಶವೆನಿಸಿತು. ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರ. ಬೀದಿಯ ಇಕ್ಕಟ್ಟಿನಲ್ಲಿ ಟೇಕ್ವಾಂಡೋದ ಎತ್ತರದ ಒದೆತಕ್ಕಿಂತ ಜೂಡೋದ ಹಿಡಿತ ಉಪಯೋಗಕ್ಕೆ ಬಂದೀತು, ನಿಜ. ಆದರೆ ದೂರವನ್ನು ಅಳೆಯುವ ಕಣ್ಣು, ಒಂದೇ ಕಾಲಿನ ಮೇಲೆ ನಿಲ್ಲುವ ಸಮತೋಲ ಇವನ್ನು ಟೇಕ್ವಾಂಡೋದಷ್ಟು ಚೆನ್ನಾಗಿ ಕಲಿಸುವ ಬೇರೆ ವಿದ್ಯೆಯನ್ನು ನಾನು ನೋಡಿಲ್ಲ.

ಮುಜುವಿನ ಈ ಕ್ರೀಡಾಂಗಣದ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಚೋಯ್ ಹಾಂಗ್-ಹಿ 1966ರಲ್ಲಿ ಬೇರೆ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿ, ಮುಂದೆ ದೇಶ ಬಿಟ್ಟು ಕೆನಡಾ ಸೇರಿದರು. ಅವರ ಪಂಥ ಉತ್ತರ ಕೊರಿಯಾದಲ್ಲಿ ಬೇರು ಬಿಟ್ಟಿತು. ಅಲ್ಲಿಯ ಆಟದಲ್ಲಿ ಎದೆಗವಚವಿಲ್ಲ, ಮುಖಕ್ಕೆ ಗುದ್ದಲು ಅವಕಾಶವಿದೆ. ಒಂದೇ ಹೆಸರು, ಎರಡು ಮೈ. 2017ರ ಜೂನ್‌ನಲ್ಲಿ ಮುಜುವಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಆ ಉತ್ತರದ ತಂಡ ಗಡಿಯಾಚೆಯಿಂದ ಬಂದು ಇದೇ ಕಣದಲ್ಲಿ ಪ್ರದರ್ಶನ ಕೊಟ್ಟಿತು. ಮರುವರ್ಷ ದಕ್ಷಿಣದ ತಂಡ ಪ್ಯೊಂಗ್ಯಾಂಗ್‌ಗೆ ಹೋಯಿತು. ಅದೇ 2018ರಲ್ಲಿ ಎರಡೂ ಕೊರಿಯಾಗಳ ಕುಸ್ತಿಯನ್ನು ಯುನೆಸ್ಕೋ ಜಂಟಿಯಾಗಿ ಪಟ್ಟಿಗೆ ಸೇರಿಸಿತು. ರಾಜಕಾರಣಿಗಳಿಗೆ ದಾಟಲು ಕಷ್ಟವಾದ ಗೆರೆಯನ್ನು ಬರಿಗಾಲಿನ ಹುಡುಗ-ಹುಡುಗಿಯರು ದಾಟಿದ್ದರು ಎಂಬುದನ್ನು ಆ ಖಾಲಿ ಆಸನಗಳ ನಡುವೆ ನಿಂತು ಯೋಚಿಸಿದಾಗ ನನಗೆ ಗಂಟಲು ಕಟ್ಟಿತು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೊರಿಯಾಕ್ಕೆ ಟೇಕ್ವಾಂಡೋದ ಒಂದು ಚಿನ್ನವೂ ಬರಲಿಲ್ಲ. ಈ ಮಾತೆತ್ತಿದರೆ ಮುಜುವಿನ ಆ ಸಬೊಮ್ ನಕ್ಕರು. ಕಲಿಸಿದವರು ಸೋಲುವಷ್ಟು ಜಗತ್ತು ಕಲಿತಿದೆಯಲ್ಲ, ಅದು ಸಂತೋಷದ ವಿಷಯ ಎಂದರು.

ಕೊರಿಯಾಕ್ಕೆ ಹೋಗುವ ಕನ್ನಡಿಗರು ಈಗ ಬಹಳ. ಅರಮನೆಗಳನ್ನು ನೋಡಿ, ಗಂಗ್ನಮ್‌ನಲ್ಲಿ ಫೋಟೊ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಚುಂಗ್ಜು, ಮುಜುಗಳಿಗೆ ಎರಡು ದಿನ ಎತ್ತಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ, ನಿಂತ ಕಾಲನ್ನು ನೋಡಲು ಹೇಳಿ. ಊರಿಗೆ ಮರಳಿದ ಮೇಲೆ, ನಿಮ್ಮ ಬಡಾವಣೆಯಲ್ಲಿ ಇನ್ನೂ ಬೀಗ ಬೀಳದ ಒಂದು ಗರಡಿ ಇದ್ದರೆ, ಅದೇ ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೂ ಕರೆದೊಯ್ಯಿರಿ.