ಹತ್ತಾದ ಕಲ್ಲುಗುಡ್ಡದಲ್ಲಿ ಎರಡೂವರೆ ಲೀಟರ್ ನೀರು

ದುಬೈಗೆ ಬಂದು ಹತ್ತು ಹನ್ನೆರಡು ವರ್ಷವಾದರೂ ಮರುಭೂಮಿಗೆ ಕಾಲಿಡದ ನಮ್ಮವರು ಬಹಳ ಮಂದಿ ಇದ್ದಾರೆ. ರೂಮು, ಅಂಗಡಿ, ಪಳ್ಳಿ, ಏರ್‌ಪೋರ್ಟು. ಇಷ್ಟರಲ್ಲೇ ಗಲ್ಫ್ ಮುಗಿದುಹೋಗುತ್ತದೆ. ನನಗೆ ಆ ನೆಲದ ಪರಿಚಯ ಮಾಡಿಸಿದ್ದು ಮೌಂಟನ್ ಬೈಕ್. ಅಂದರೆ ಮೋಟಾರಿಲ್ಲದ, ದಪ್ಪ ಟೈರಿನ ಸೈಕಲ್.

ಹತ್ತಾ ಇರುವುದು ದುಬೈ ನಗರದಿಂದ ಸುಮಾರು 130 ಕಿ.ಮೀ. ದೂರದಲ್ಲಿ, ಒಮಾನ್ ಗಡಿಯ ಪಕ್ಕ. ಅಲ್ಲಿ ಮರಳಿನ ದಿಬ್ಬಗಳಿಲ್ಲ. ಇರುವುದೆಲ್ಲ ಹಜರ್ ಬೆಟ್ಟಸಾಲಿನ ಕಂದು ಕಲ್ಲು. ಅರಬಿಯಲ್ಲಿ ಹಜರ್ ಎಂದರೆ ಕಲ್ಲು ಎಂದೇ ಅರ್ಥ. ಈ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿತ್ತು, ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಒತ್ತಡಕ್ಕೆ ನೆಲದ ಮೇಲೆ ಏರಿ ಕುಳಿತಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಈಗ ಅದರ ಅಂಚು ಟೈರನ್ನೇ ಸೀಳುವಷ್ಟು ಚೂಪು. ಆ ಗುಡ್ಡಗಳಲ್ಲಿ 50 ಕಿ.ಮೀ.ಗಿಂತ ಹೆಚ್ಚು ಉದ್ದದ ಸೈಕಲ್ ಹಾದಿಗಳಿವೆ. ಹಸಿರು ಗುರುತು ಸುಲಭದ್ದು, ನೀಲಿ ಸ್ವಲ್ಪ ಕಷ್ಟದ್ದು, ಕೆಂಪು ಇನ್ನೂ ಕಷ್ಟ, ಕಪ್ಪು ಅನುಭವಸ್ಥರಿಗೆ ಮಾತ್ರ.

ಅಕ್ಟೋಬರ್ ಕೊನೆಯ ಒಂದು ಶನಿವಾರ ನಾವು ಮೂವರು ಹೊರಟೆವು: ನಾನು, ಕುಂಬಳೆಯ ಗೆಳೆಯ, ಐವತ್ತರ ಹತ್ತಿರದ ಉಳ್ಳಾಲದ ಕಾಕ. ಶುಗರ್ ಬಂದ ಮೇಲೆ ಡಾಕ್ಟರ ಮಾತಿನಂತೆ ಸೈಕಲ್ ಹಿಡಿದ ಕಾಕ, ಮೂರು ವರ್ಷದಲ್ಲಿ ನಮ್ಮನ್ನೇ ಹಿಂದೆ ಹಾಕುವಷ್ಟಾಗಿದ್ದರು. ಸುಬ್ಹಿ ಮುಗಿಸಿ ಬೆಳಕು ಹರಿಯುತ್ತಲೇ ಪೆಡಲ್ ತುಳಿದೆವು. ಪ್ರತಿಯೊಬ್ಬರ ಬೆನ್ನಿನ ಚೀಲದಲ್ಲಿ 3 ಲೀಟರ್, ಸೈಕಲಿಗೆ ಸಿಕ್ಕಿಸಿದ ಬಾಟಲಿಯಲ್ಲಿ ಮುಕ್ಕಾಲು ಲೀಟರ್ ನೀರು. ಒಟ್ಟು ಹನ್ನೊಂದು ಲೀಟರಿಗೂ ಮೇಲೆ. ಮಧ್ಯಾಹ್ನದೊಳಗೆ 40 ಕಿ.ಮೀ. ಮುಗಿಸುವುದು ನಮ್ಮ ಲೆಕ್ಕ.

ಹತ್ತೂವರೆಗೆ ಗೆಳೆಯನ ಹಿಂದಿನ ಗೇರಿಗೆ ಕಲ್ಲು ಬಡಿದು ಹ್ಯಾಂಗರ್ ತುಂಡಾಯಿತು. ಗೇರನ್ನು ಫ್ರೇಮಿಗೆ ಹಿಡಿದಿಡುವ ಈ ಸಣ್ಣ ಅಲ್ಯೂಮಿನಿಯಂ ತುಂಡನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಮನೆಯ ಫ್ಯೂಸಿನ ಹಾಗೆ: ಪೆಟ್ಟು ಬಿದ್ದರೆ ತಾನು ಮುರಿದು ಫ್ರೇಮನ್ನು ಉಳಿಸುತ್ತದೆ. ಬದಲಿ ಹ್ಯಾಂಗರ್ ಇರಲಿಲ್ಲ, ಚೈನ್ ಕತ್ತರಿಸುವ ಟೂಲ್ ಇತ್ತು. ಗೇರನ್ನು ಪೂರ್ತಿ ಕಳಚಿ, ಚೈನನ್ನು ಚಿಕ್ಕದು ಮಾಡಿ, ಒಂದೇ ಗೇರಿನ ಸೈಕಲ್ ಮಾಡಿಕೊಟ್ಟೆ. ಡಿಪ್ಲೊಮಾ ಕಲಿತದ್ದು ಉಪಯೋಗಕ್ಕೆ ಬಂತು. ಆದರೆ ನೆರಳಿಲ್ಲದ ಜಾಗದಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಲ್ಲಿಂದ ಏರು ಬಂದಲ್ಲೆಲ್ಲ ಇಳಿದು ತಳ್ಳಿಕೊಂಡೇ ಹೋಗಬೇಕು.

ಹನ್ನೆರಡಕ್ಕೆ ಮೊದಲೇ ಕಾಕನ ಮೀನಖಂಡ ಹಿಡಿದುಕೊಂಡಿತು, ತಲೆ ತಿರುಗಿತು. ವಾದಿಯ ಅಂಚಿನಲ್ಲಿದ್ದ ಒಂದೇ ಒಂದು ಮರದ ಕೆಳಗೆ ಮಲಗಿಸಿದೆವು. ಬಿಸಿಲಿನ ಪೆಟ್ಟಿನಲ್ಲಿ ಮಾತು ತಡವರಿಸಿದರೆ ದೊಡ್ಡ ಅಪಾಯ ಎಂದು ಗೊತ್ತಿದ್ದುದರಿಂದ ಅವರ ಮಕ್ಕಳ ಹೆಸರು, ಮನೆಯ ದಾರಿ ಎಲ್ಲ ಕೇಳಿದೆ. ಸರಿಯಾಗಿಯೇ ಹೇಳಿದರು. ಮೇಲೆ ನೋಡಿ, "ಇದು ಸಿದ್ರ್ ಮರ ಅಲ್ವಾ?" ಎಂದರು. ಹೌದು, ಮಯ್ಯಿತ್ ಕುಳಿಪ್ಪಿಸುವ ನೀರಿಗೆ ಹಾಕುವ ಅದೇ ಎಲೆ. "ನನಗೆ ಇದು ಈಗಲೇ ಬೇಡ ಮೋನೇ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಉಳಿದ ನೀರನ್ನೆಲ್ಲ ಸೇರಿಸಿ ನೋಡಿದೆವು. ಎರಡೂವರೆ ಲೀಟರ್. ಮುಂದೆ 9 ಕಿ.ಮೀ. ಹಾದಿ, ಫೋನಿಗೆ ಸಿಗ್ನಲ್ ಇಲ್ಲ. ನನ್ನ ಉಪ್ಪ ಅಂಗಡಿಯಲ್ಲಿ ಎಣ್ಣೆ ಅಳೆಯುವಾಗ ಕೊನೆಯ ಹನಿ ಇಳಿಯುವವರೆಗೆ ಮಾಪನ್ನು ಕವುಚಿ ಹಿಡಿಯುತ್ತಿದ್ದರು. ಹಾಗೆಯೇ ಅಳೆದೆ. ಒಂದು ಲೀಟರಿಗೆ ಓಆರ್‌ಎಸ್ ಪ್ಯಾಕೆಟ್ ಕಲಸಿ ಕಾಕನಿಗೆ, ಸ್ವಲ್ಪ ಸ್ವಲ್ಪವಾಗಿ ಕುಡಿಯಲು. ಉಳಿದ ಒಂದೂವರೆ ಲೀಟರ್ ಮೂವರೂ ಕೆಳಗಿಳಿಯುವುದಕ್ಕೆ.

ಅಷ್ಟರಲ್ಲಿ ಲುಹರ್‌ನ ಹೊತ್ತಾಯಿತು. ಎಷ್ಟೊತ್ತಿಗೆ ಕೆಳಗೆ ತಲುಪುತ್ತೇವೆಂಬ ಖಾತ್ರಿ ಇರಲಿಲ್ಲ. ಕಾಕ ಎದ್ದು ಕುಳಿತು ಬಾಟಲಿಗೆ ಕೈ ಹಾಕಿದರು.

"ಕಾಕ, ಏನು ಮಾಡ್ತಿದ್ದೀರಿ?"

"ನನ್ನ ಪಾಲಿನ ನೀರಲ್ಲಿ ವುಳೂ ಮಾಡ್ತೇನೆ. ಕುಡಿಯದಿದ್ದರೂ ತೊಂದರೆ ಇಲ್ಲ."

ಗೆಳೆಯ ಬಾಟಲಿ ತೆಗೆದುಕೊಂಡ. "ತಯಮ್ಮುಮ್ ಇರುವುದು ಮತ್ತೆ ಯಾತಕ್ಕೆ ಕಾಕ?"

ಮದ್ರಸದಲ್ಲಿ ನಾವೆಲ್ಲ ಆ ಪಾಠ ಕಲಿತಿದ್ದೇವೆ. ಮಂಜೇಶ್ವರದ ಮಳೆಗೆ ಹಂಚಿನಿಂದ ನೀರು ಸುರಿಯುತ್ತಿರುವಾಗ, ನೀರಿಲ್ಲದಿದ್ದರೆ ಏನು ಮಾಡಬೇಕೆಂದು ಬಾಯಿಪಾಠ ಮಾಡಿದವರು ನಾವು. ಪರೀಕ್ಷೆಗೆ ಬಿಟ್ಟರೆ ಬೇರೆಲ್ಲಿಗೂ ಬೇಡವಾಗಿದ್ದ ಪಾಠ. ನೀರು ಇದ್ದರೂ ಅದು ಕುಡಿಯಲು ಬೇಕಾಗಿದ್ದರೆ ತಯಮ್ಮುಮ್ ಎಂದು ಉಸ್ತಾದ್ ಹೇಳಿದ್ದು ಆಗ ನೆನಪಾಯಿತು. ಬಾಯಾರಿದ್ದು ಮನುಷ್ಯನೇ ಆಗಬೇಕೆಂದಿಲ್ಲ, ಆಡಾದರೂ ಸರಿ, ಅದರ ದಾಹ ಮೊದಲು. ಚಿಕ್ಕಂದಿನಲ್ಲಿ ಇದನ್ನು ವಿನಾಯಿತಿ ಎಂದುಕೊಂಡಿದ್ದೆ. ಆ ಮರದ ಕೆಳಗೆ ಅದು ಆಜ್ಞೆಯ ಹಾಗೆ ಕೇಳಿಸಿತು: ಜೀವದ ನೀರನ್ನು ಮುಟ್ಟಬೇಡ.

ಶಾಫಿಈ ಮದ್‌ಹಬಿನ ಪ್ರಕಾರ ತಯಮ್ಮುಮ್‌ಗೆ ಧೂಳಿರುವ ಶುದ್ಧ ಮಣ್ಣು ಬೇಕು. ಬರೀ ಕಲ್ಲಾದರೆ ಆಗದು. ಸುತ್ತಲೂ ಕಲ್ಲೇ. ಹಿಂದೆಂದೋ ಹರಿದ ಮಳೆನೀರು ಬಂಡೆಯ ಬುಡದಲ್ಲಿ ಬಿಟ್ಟುಹೋದ ನಯವಾದ ಮಣ್ಣು ಹುಡುಕಿ ಹಿಡಿಯುವಷ್ಟರಲ್ಲಿ ಹತ್ತು ನಿಮಿಷವಾಯಿತು. ಒಮ್ಮೆ ಅಂಗೈ ತಟ್ಟಿ ಮುಖಕ್ಕೆ, ಇನ್ನೊಮ್ಮೆ ತಟ್ಟಿ ಕೈಗಳಿಗೆ. ಕಾಕ ಕುಳಿತೇ ನಿಸ್ಕರಿಸಿದರು. ಸಲಾಂ ಹೇಳಿ ತಿರುಗಿದಾಗ ಅವರ ಗಡ್ಡದಲ್ಲಿ ಮಣ್ಣಿತ್ತು, ಕಣ್ಣು ಒದ್ದೆಯಾಗಿತ್ತು. ಆಮೇಲೆ ಬಾಟಲಿ ತೆಗೆದುಕೊಂಡು ಮಾತಿಲ್ಲದೆ ಕುಡಿದರು.

ಬಿಸಿಲು ಇಳಿಯುವವರೆಗೆ ಕಾದು, ಹೆಚ್ಚಿನ ದೂರ ನಡೆದೇ ಮೂವರೂ ಕೆಳಗೆ ತಲುಪಿದೆವು. ಅಲ್‌ಹಮ್ದುಲಿಲ್ಲಾಹ್.

ಹತ್ತಾದ ಹಳೆಯ ಊರಿನಲ್ಲಿ ಫಲಜ್ ಇದೆ. ಬೆಟ್ಟದ ನೀರನ್ನು ಇಳಿಜಾರಿನಲ್ಲೇ ತೋಟಕ್ಕೆ ತರುವ ಹಳೆಯ ಕಾಲುವೆ ಅದು. ಪಂಪು ಬೇಡ, ಹಗ್ಗ ಬೇಡ. ನಮ್ಮ ಬಾಯಾರು, ಎಣ್ಮಕಜೆ ಕಡೆಯ ಸುರಂಗವೂ ಹಾಗೆಯೇ ಅಲ್ಲವೇ? ಮುರಕಲ್ಲು ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಸರುವ ನೀರನ್ನು ತಾನಾಗಿಯೇ ಹೊರಗೆ ಹರಿಯಲು ಬಿಡುವುದು. ನೀರು ಕಡಿಮೆ ಇದ್ದ ಕಡೆಯವರು ಮಾಡಿದ್ದನ್ನೇ ಮಳೆ ಧಾರಾಳ ಸುರಿಯುವ ಊರಿನ ನಮ್ಮ ಹಿರಿಯರೂ ಮಾಡಿದ್ದಾರೆ. ಮಳೆ ಎಷ್ಟು ಬಂದರೂ ಗುಡ್ಡದ ನೀರು ಏಪ್ರಿಲಿಗೆ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಬಿ (ಸ.ಅ.) ಅವರು ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡುತ್ತಿದ್ದರು. ಅದು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಹೋದ ರಜೆಯಲ್ಲಿ ಊರಿಗೆ ಬಂದಾಗ ಮನೆಯ ನಳ್ಳಿಯ ಕೆಳಗೆ ಬಕೆಟ್ ಇಟ್ಟು ನೋಡಿದೆ. ಒಬ್ಬರ ವುಳೂ ಮುಗಿಯುವಷ್ಟರಲ್ಲಿ ಬಿದ್ದದ್ದು ಐದು ಲೀಟರ್. ಹತ್ತಾದಲ್ಲಿ ಮೂವರ ಜೀವಕ್ಕೆ ಉಳಿದಿದ್ದ ನೀರಿನ ಎರಡರಷ್ಟು. ಬೇಕಾದರೆ ನೀವೂ ಒಮ್ಮೆ ಬಕೆಟ್ ಇಟ್ಟು ನೋಡಿ. ಮಕ್ಕಳನ್ನೂ ಹತ್ತಿರ ಕರೆಯಿರಿ.